ಪ್ಲಾಸ್ಟಿಕ್ ಪೊಟ್ಟಣದಿಂದ ಆಹಾರಕ್ಕೆ ಸೇರುವ ರಾಸಾಯನಿಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಮಾತು ಬಂದ ಕೂಡಲೇ ಎದುರಾಗುವ ಪ್ರಶ್ನೆ "ಯಾವ ಪ್ಲಾಸ್ಟಿಕ್ ಒಳ್ಳೆಯದು?" ಎಂಬುದು. ಅದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಒಂದೇ ಡಬ್ಬಿಯಲ್ಲಿ ತಣ್ಣೀರು ಇಟ್ಟರೆ ಆಗುವುದೇ ಬೇರೆ, ಕಾದ ಎಣ್ಣೆಯ ಪದಾರ್ಥ ತುಂಬಿದರೆ ಆಗುವುದೇ ಬೇರೆ. ಆದ್ದರಿಂದ ಮುಂದಿನ ಉತ್ತರಗಳಲ್ಲಿ ಪ್ಲಾಸ್ಟಿಕ್‌ಗಳ ಹೆಸರಿಗಿಂತ ಬಿಸಿ, ಜಿಡ್ಡು, ಕಾಲ ಮತ್ತು ಸಂಪರ್ಕಗಳ ಮಾತೇ ಹೆಚ್ಚಾಗಿ ಬರುತ್ತದೆ.

ರಾಸಾಯನಿಕಗಳ ‘ವಲಸೆ’ ಎಂದರೆ ಏನು? ಪ್ಲಾಸ್ಟಿಕ್ ಕರಗಿ ಆಹಾರಕ್ಕೆ ಸೇರುತ್ತದೆಯೇ?

ಇಲ್ಲ, ಕರಗುವುದಿಲ್ಲ. ಪ್ಲಾಸ್ಟಿಕ್ ಎಂಬುದು ಪಾಲಿಮರ್‌ಗಳೆಂಬ ಬಹಳ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡಿರುವ ರಾಶಿ. ಈ ಸರಪಳಿಗಳು ಎಷ್ಟು ದೊಡ್ಡವೆಂದರೆ ಅವು ತಾವಿದ್ದ ಜಾಗ ಬಿಟ್ಟು ಆಹಾರದೊಳಕ್ಕೆ ಹೋಗಲಾರವು. ಅಕಸ್ಮಾತ್ ಹೊಟ್ಟೆಗೆ ಹೋದರೂ ಕರುಳಿನ ಗೋಡೆಯನ್ನು ದಾಟುವುದು ಅವಕ್ಕೆ ಕಷ್ಟ. ಚಲಿಸುವುದು ಈ ಸರಪಳಿಗಳ ನಡುವಿನ ಸಂದುಗಳಲ್ಲಿ ಸಿಕ್ಕಿಕೊಂಡಿರುವ ಚಿಕ್ಕ ಅಣುಗಳು. ಅವು ಸುಮ್ಮನೆ ಕೂರುವುದಿಲ್ಲ. ಸದಾ ಕಂಪಿಸುತ್ತಾ, ಒಂದು ಸಂದಿನಿಂದ ಇನ್ನೊಂದಕ್ಕೆ ಜಾರುತ್ತಾ, ಮೇಲ್ಮೈಯನ್ನು ತಲುಪಿದಾಗ ಅಲ್ಲಿರುವ ಆಹಾರದೊಳಗೆ ಕರಗಿಕೊಳ್ಳುತ್ತವೆ. ಹೆಚ್ಚು ಸಾಂದ್ರತೆ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳು ಹರಡಿಕೊಳ್ಳುವ ಈ ಕ್ರಿಯೆಗೆ ವಿಸರಣವೆಂದು ಹೆಸರು. ಅದರ ನಿಯಮಗಳನ್ನು ಜರ್ಮನಿಯ ವಿಜ್ಞಾನಿ ಅಡಾಲ್ಫ್ ಫಿಕ್ 1855ರಲ್ಲಿಯೇ ಬರೆದಿಟ್ಟಿದ್ದಾನೆ. ಪೊಟ್ಟಣದಿಂದ ಆಹಾರಕ್ಕೆ ಎಷ್ಟು ಸೇರೀತು ಎಂಬ ಇಂದಿನ ಕಂಪ್ಯೂಟರ್ ಲೆಕ್ಕಾಚಾರಗಳೂ ಅದೇ ಸಮೀಕರಣಗಳ ಮೇಲೆ ನಿಂತಿವೆ.

ಸ್ಥೂಲವಾಗಿ, 1000 ಡಾಲ್ಟನ್‌ಗಿಂತ ಕಡಿಮೆ ಅಣುತೂಕದ ವಸ್ತುಗಳು ಮಾತ್ರ ಇಲ್ಲಿ ಆತಂಕಕ್ಕೆ ಕಾರಣವೆಂದು ಪರಿಗಣಿಸಲಾಗುತ್ತದೆ. ಇಷ್ಟೆಲ್ಲ ನಡೆದರೂ ಡಬ್ಬಿಯ ಆಕಾರ, ಬಣ್ಣ, ಹೊಳಪು ಯಾವುದೂ ಬದಲಾಗದೆ ಇರಬಹುದು. "ಡಬ್ಬಿಗೆ ಏನೂ ಆಗಿಲ್ಲವಲ್ಲ" ಎಂಬ ಸಮಾಧಾನ ಆದ್ದರಿಂದಲೇ ನಂಬತಕ್ಕದ್ದಲ್ಲ.

ಪ್ಲಾಸ್ಟಿಕ್‌ನೊಳಗೆ ಪಾಲಿಮರ್ ಅಲ್ಲದೆ ಬೇರೆ ಏನಿರುತ್ತದೆ?

ಮೊದಲನೆಯದಾಗಿ, ಸರಪಳಿಗೆ ಸೇರದೆ ಉಳಿದುಹೋದ ಮೂಲ ಅಣುಗಳು, ಅಂದರೆ ಮಾನೋಮರ್‌ಗಳು. ಪಾಲಿಸ್ಟೈರೀನ್‌ನಲ್ಲಿ ಉಳಿಯುವ ಸ್ಟೈರೀನ್ ಮತ್ತು ಪಿವಿಸಿಯಲ್ಲಿ ಉಳಿಯುವ ವಿನೈಲ್ ಕ್ಲೋರೈಡ್ ಇದಕ್ಕೆ ಉದಾಹರಣೆಗಳು. ಪಿವಿಸಿ ಕಾರ್ಖಾನೆಗಳ ಕೆಲಸಗಾರರಲ್ಲಿ ಯಕೃತ್ತಿನ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡದ್ದು 1974ರಲ್ಲಿ ಬಯಲಾದ ಮೇಲೆ, ಆಹಾರಕ್ಕೆ ಬಳಸುವ ಪಿವಿಸಿಯಲ್ಲಿ ಉಳಿಯಬಹುದಾದ ವಿನೈಲ್ ಕ್ಲೋರೈಡ್‌ಗೆ ಯುರೋಪ್ ಕಿಲೋಗ್ರಾಮಿಗೆ 1 ಮಿಲಿಗ್ರಾಂ ಎಂಬ ಮಿತಿಯನ್ನು 1978ರಲ್ಲಿ ಹಾಕಿತು.

ಎರಡನೆಯದಾಗಿ, ಬೇಕೆಂದೇ ಬೆರೆಸಿದ ವಸ್ತುಗಳು: ಬಗ್ಗುವಂತೆ ಮಾಡುವ ಮೃದುಕಾರಕಗಳು, ಬಿಸಿಗೂ ಬೆಳಕಿಗೂ ಪ್ಲಾಸ್ಟಿಕ್ ಹಾಳಾಗದಂತೆ ತಡೆಯುವ ಸ್ಥಿರಕಾರಕಗಳು, ಬಣ್ಣಗಳು, ಹಾಳೆಗಳು ಒಂದಕ್ಕೊಂದು ಅಂಟದಂತೆ ಜಾರಿಸುವ ವಸ್ತುಗಳು. ಮೆತ್ತನೆಯ ಪಿವಿಸಿಯಲ್ಲಿ ಮೃದುಕಾರಕವೇ ತೂಕದ ಮೂರನೇ ಒಂದು ಭಾಗದಷ್ಟು ಇರಬಹುದು. ಮೂರನೆಯದು, ತಯಾರಿಕೆಯಲ್ಲಿ ಬಳಸಿದ ವೇಗವರ್ಧಕಗಳ ಶೇಷ.

ನಾಲ್ಕನೆಯದು ಯಾರೂ ಬೇಕೆಂದು ಸೇರಿಸದೆ ಬಂದು ಸೇರಿರುವ ವಸ್ತುಗಳ ಗುಂಪು. ನನಗೆ ಹೆಚ್ಚು ಮುಖ್ಯವೆನಿಸುವುದು ಇದೇ. ಸ್ಥಿರಕಾರಕವು ತನ್ನ ಕೆಲಸ ಮಾಡುತ್ತಲೇ ಒಡೆದು ಹೊಸ ವಸ್ತುವಾಗುತ್ತದೆ. ಸರಪಳಿಗಳು ಪೂರ್ತಿ ಬೆಳೆಯದೆ ಮೊಟಕಾಗಿ ಆಲಿಗೋಮರ್‌ಗಳೆಂಬ ತುಣುಕುಗಳಾಗಿ ಉಳಿಯುತ್ತವೆ. ಕಚ್ಚಾವಸ್ತುವಿನ ಕಲ್ಮಶವೂ ಮರುಬಳಕೆಯ ಪ್ಲಾಸ್ಟಿಕ್‌ನ ಹಿಂದಿನ ಜನ್ಮದ ಕೊಳೆಯೂ ಜೊತೆಗೂಡುತ್ತವೆ. ತಯಾರಕರ ಪಟ್ಟಿಯಲ್ಲಿ ಇವುಗಳ ಹೆಸರೇ ಇರುವುದಿಲ್ಲವಾದ್ದರಿಂದ, ಪರೀಕ್ಷಿಸುವವರು ಏನನ್ನು ಹುಡುಕುತ್ತಿದ್ದೇವೆಂದು ತಿಳಿಯದೆಯೇ ಹುಡುಕಬೇಕಾಗುತ್ತದೆ. ಪ್ಲಾಸ್ಟಿಕ್ ಮಾತ್ರವಲ್ಲದೆ ಆಹಾರವನ್ನು ತಾಗುವ ಎಲ್ಲ ಬಗೆಯ ವಸ್ತುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ತಿಳಿದಿರುವ ಸುಮಾರು 14,000 ಆಹಾರ ಸಂಪರ್ಕ ರಾಸಾಯನಿಕಗಳ ಪೈಕಿ 3,601 ಮನುಷ್ಯರ ದೇಹದಲ್ಲಿ ಪತ್ತೆಯಾಗಿವೆ ಎಂದು ದಾಖಲಿಸಿತು. ಪತ್ತೆಯಾಗುವುದೂ ಕೇಡು ಮಾಡುವುದೂ ಒಂದೇ ಅಲ್ಲ. ಇವುಗಳಲ್ಲಿ ಹಲವು ಬೇರೆ ದಾರಿಗಳಿಂದಲೂ ದೇಹ ಸೇರುತ್ತವೆ.

ವಲಸೆ ಹೆಚ್ಚಾಗುವುದು ಯಾವ ಸಂದರ್ಭಗಳಲ್ಲಿ?

ಎಲ್ಲಕ್ಕಿಂತ ಮೊದಲು ಬಿಸಿ. ಉಷ್ಣತೆ ಏರಿದಂತೆ ಚಿಕ್ಕ ಅಣುಗಳ ಓಡಾಟವೂ ಹೆಚ್ಚುತ್ತದೆ, ಅವುಗಳನ್ನು ಹಿಡಿದಿಟ್ಟಿರುವ ಸರಪಳಿಗಳೂ ಸಡಿಲವಾಗುತ್ತವೆ. ಈ ಎರಡೂ ಒಟ್ಟಿಗೆ ಆಗುವುದರಿಂದ ವೇಗವು ಉಷ್ಣತೆಯ ಜೊತೆ ಸಮಸಮವಾಗಿ ಏರದೆ ಗುಣಾಕಾರದಲ್ಲಿ ಏರುತ್ತದೆ. ಪ್ರತಿಯೊಂದು ಪ್ಲಾಸ್ಟಿಕ್‌ಗೂ ಅದು ಗಾಜಿನಂತೆ ಬಿರುಸಾಗಿರುವ ಸ್ಥಿತಿಯಿಂದ ರಬ್ಬರಿನಂತೆ ಸಡಿಲವಾಗುವ ಸ್ಥಿತಿಗೆ ಹೊರಳುವ ಒಂದು ಉಷ್ಣತೆ ಇದೆ. ನೀರಿನ ಬಾಟಲಿಗಳ ಪಿಇಟಿಗೆ ಅದು 70ರಿಂದ 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದೆ. ಹೀಗಾಗಿ ಸಾಮಾನ್ಯ ಉಷ್ಣತೆಯಲ್ಲಿ ಅದರೊಳಗಿನ ಅಣುಗಳಿಗೆ ದಾರಿ ಬಹಳ ಇಕ್ಕಟ್ಟು. ಚೀಲಗಳಿಗೂ ಹಾಳೆಗಳಿಗೂ ಬಳಸುವ ಪಾಲಿಥೀನ್ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೇ ಆ ಹೊರಳುವಿಕೆಯನ್ನು ದಾಟಿರುತ್ತದೆ. ಆದ್ದರಿಂದ ನಾವು ಕೈಯಲ್ಲಿ ಹಿಡಿದ ಪಾಲಿಥೀನ್ ಚೀಲದೊಳಗೆ ಅಣುಗಳು ಪಿಇಟಿಯಲ್ಲಿರುವುದಕ್ಕಿಂತ ಬಹಳ ಸಲೀಸಾಗಿ ಸಂಚರಿಸುತ್ತಿರುತ್ತವೆ.

ಎರಡನೆಯದು ಜಿಡ್ಡು. ಪ್ಲಾಸ್ಟಿಕ್‌ನಲ್ಲಿರುವ ಬಹುತೇಕ ಸೇರಿಕೆಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ನೀರು ಎದುರಿದ್ದಾಗ ಪ್ಲಾಸ್ಟಿಕ್‌ನಲ್ಲೇ ಉಳಿಯುವ ಅಣು, ಎಣ್ಣೆ, ಬೆಣ್ಣೆ ಅಥವಾ ಗಿಣ್ಣು ಎದುರಿಗೆ ಬಂದಾಗ ಅತ್ತ ವಾಲುತ್ತದೆ. ಅಷ್ಟೇ ಅಲ್ಲ, ಎಣ್ಣೆಯೇ ಪ್ಲಾಸ್ಟಿಕ್‌ನೊಳಗೆ ಸ್ವಲ್ಪ ಇಳಿದು ಅದನ್ನು ಉಬ್ಬಿಸಿ, ಹೊರಬರುವ ದಾರಿಯನ್ನು ಅಗಲ ಮಾಡುತ್ತದೆ. ಮದ್ಯಸಾರವಿರುವ ಪಾನೀಯಗಳೂ ಈ ವಿಷಯದಲ್ಲಿ ನೀರಿಗಿಂತ ಮುಂದು. ಹುಳಿಯ ಪದಾರ್ಥಗಳು ಸಾವಯವ ಸೇರಿಕೆಗಳಿಗಿಂತ ಲೋಹಾಂಶಗಳನ್ನು ಹೊರಸೆಳೆಯುವುದರಲ್ಲಿ ಚುರುಕು.

ಕಾಲದ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವಲಸೆ ಮೊದಮೊದಲು ವೇಗವಾಗಿದ್ದು ಬರಬರುತ್ತಾ ನಿಧಾನವಾಗುತ್ತದೆ. ದಪ್ಪ ಗೋಡೆಯ ಡಬ್ಬಿಯಲ್ಲಿ ಅದು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅಂದರೆ ನಾಲ್ಕು ಪಟ್ಟು ಹೆಚ್ಚು ಹೊತ್ತು ಇಟ್ಟರೆ ಸೇರುವ ಪ್ರಮಾಣ ಸುಮಾರು ಎರಡು ಪಟ್ಟಾಗುತ್ತದೆ. ಉಷ್ಣತೆಗೆ ಇಂಥ ದಾಕ್ಷಿಣ್ಯವಿಲ್ಲ.

ಕೊನೆಯದು ಪೊಟ್ಟಣದ ಗಾತ್ರ. ಒಂದು ಕಿಲೋಗ್ರಾಂ ಆಹಾರವನ್ನು ಘನಾಕೃತಿಯ ಪೊಟ್ಟಣದಲ್ಲಿ ತುಂಬಿದರೆ ಅದನ್ನು ಸುತ್ತುವರಿಯುವ ಮೇಲ್ಮೈ ಸುಮಾರು 6 ಚದರ ಡೆಸಿಮೀಟರ್. ಅದೇ ಆಹಾರವನ್ನು 100 ಗ್ರಾಂನ ಹತ್ತು ಪೊಟ್ಟಣಗಳಿಗೆ ಹಂಚಿದರೆ ಒಟ್ಟು ಮೇಲ್ಮೈ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಚಪ್ಪಟೆಯಾದ ಪುಟ್ಟ ಸ್ಯಾಶೆಗಳಲ್ಲಿ ಇದು ಇನ್ನೂ ಹೆಚ್ಚು.

ಕಾರಿನಲ್ಲಿ, ಬಿಸಿಲಿನಲ್ಲಿ ಬಿಟ್ಟ ಬಾಟಲಿಯ ನೀರು ವಿಷವಾಗುತ್ತದೆಯೇ?

ಈ ಪ್ರಶ್ನೆಗೆ ಅಂಕಿಅಂಶಗಳೇ ಉತ್ತರ ಹೇಳಬಲ್ಲವು. ಪಿಇಟಿ ತಯಾರಿಸುವಾಗ ಸಾಮಾನ್ಯವಾಗಿ ಆಂಟಿಮನಿ ಟ್ರೈಆಕ್ಸೈಡ್ ಎಂಬ ಲೋಹಸಂಯುಕ್ತವನ್ನು ವೇಗವರ್ಧಕವಾಗಿ ಬಳಸುವುದರಿಂದ, ಪ್ರತಿ ಕಿಲೋಗ್ರಾಂ ಪ್ಲಾಸ್ಟಿಕ್‌ನಲ್ಲಿ 200ರಿಂದ 300 ಮಿಲಿಗ್ರಾಂನಷ್ಟು ಆಂಟಿಮನಿ ಉಳಿದಿರುತ್ತದೆ. ಅದರ ಅತ್ಯಲ್ಪ ಅಂಶ ನೀರಿಗೆ ಸೇರುತ್ತದೆ. ಅಮೆರಿಕದ ಅರಿಝೋನಾ ರಾಜ್ಯದ ಸಂಶೋಧಕರು 2008ರಲ್ಲಿ ಇದನ್ನು ಅಳೆದು ನೋಡಿದರು. ಕುಡಿಯುವ ನೀರಿಗೆ ಆ ದೇಶ ಹಾಕಿರುವ ಲೀಟರಿಗೆ 6 ಮೈಕ್ರೋಗ್ರಾಂ ಎಂಬ ಮಿತಿಯನ್ನು ದಾಟಲು, ಬಾಟಲಿಯನ್ನು 60 ಡಿಗ್ರಿಯಲ್ಲಿ 176 ದಿನ ಇಡಬೇಕಾಗುತ್ತದೆ. 70 ಡಿಗ್ರಿಯಲ್ಲಿ 12 ದಿನ ಸಾಕು. 85 ಡಿಗ್ರಿಯಲ್ಲಾದರೆ 1.3 ದಿನ.

ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ಒಂದು ಮಧ್ಯಾಹ್ನ ಕಾರಿನಲ್ಲಿ ಉಳಿದ ಬಾಟಲಿಯ ಬಗ್ಗೆ ಹೆದರಬೇಕಾಗಿಲ್ಲ ಎಂಬುದು ಮೊದಲನೆಯದರಿಂದ ತಿಳಿಯುತ್ತದೆ. ಅದೇ ಬಾಟಲಿಗೆ ಕುದಿಯುವ ನೀರು ತುಂಬುವ ಅಭ್ಯಾಸ ಬೇಡವೆಂಬುದು ಕೊನೆಯದರಿಂದ ತಿಳಿಯುತ್ತದೆ. ತಿಂಗಳುಗಟ್ಟಲೆ ಬಿಸಿ ಗೋದಾಮಿನಲ್ಲಿ ಬಿದ್ದಿರುವ ದಾಸ್ತಾನು ಈ ಎರಡರ ನಡುವಿನದು, ಅದರ ಬಗ್ಗೆ ಬಳಕೆದಾರರಿಗೆ ಗೊತ್ತಾಗುವ ದಾರಿಯೂ ಇಲ್ಲ. ಬಿಸಿಲಲ್ಲಿಟ್ಟ ಬಾಟಲಿಯ ನೀರಿಗೆ ಬರುವ ಹಣ್ಣಿನಂಥ ಒಗರು ವಾಸನೆಗೆ ಆಂಟಿಮನಿ ಕಾರಣವಲ್ಲ. ಅದು ಪಿಇಟಿ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್‌ನದು. ಆ ವಸ್ತು ಬಹಳ ಕಡಿಮೆ ಪ್ರಮಾಣದಲ್ಲಿದ್ದರೂ ನಾಲಿಗೆಗೆ ಸಿಕ್ಕಿಬೀಳುತ್ತದೆ.

ಬಾಟಲಿಯ ತಳದಲ್ಲಿರುವ ತ್ರಿಕೋನ ಮತ್ತು ಅಂಕಿ ಸುರಕ್ಷತೆಯ ಗುರುತೇ?

ಅಲ್ಲ. ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘಟನೆಯೊಂದು 1988ರಲ್ಲಿ ಕಸ ವಿಂಗಡಿಸುವವರ ಅನುಕೂಲಕ್ಕೆಂದು ಆರಂಭಿಸಿದ ಗುರುತು ಅದು. 1 ಎಂದರೆ ಪಿಇಟಿ, 2 ಮತ್ತು 4 ಎಂದರೆ ಎರಡು ಬಗೆಯ ಪಾಲಿಥೀನ್, 3 ಪಿವಿಸಿ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಉಳಿದದ್ದೆಲ್ಲ. ಪಾಲಿಕಾರ್ಬೊನೇಟ್‌ನಿಂದ ಹಿಡಿದು ಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್‌ವರೆಗೆ ಎಲ್ಲವೂ 7ರೊಳಗೆ ಬರುವುದರಿಂದ ಆ ಅಂಕಿಯನ್ನು ಕಂಡು ಹೆದರುವುದಕ್ಕೂ ಅರ್ಥವಿಲ್ಲ, ನೆಚ್ಚುವುದಕ್ಕೂ ಅರ್ಥವಿಲ್ಲ. ಆಹಾರಕ್ಕೆ ಯೋಗ್ಯವೆಂಬುದನ್ನು ಸೂಚಿಸುವುದು ಲೋಟ ಮತ್ತು ಫೋರ್ಕಿನ ಚಿತ್ರವಿರುವ ಬೇರೊಂದು ಗುರುತು.

ಬಿಸ್ಫಿನಾಲ್-ಎ ಬಗ್ಗೆ ಇಷ್ಟು ವಿವಾದ ಏಕೆ?

ಬಿಪಿಎ ಎಂದು ಚಿಕ್ಕದಾಗಿ ಕರೆಯುವ ಈ ವಸ್ತುವನ್ನು ರಷ್ಯಾದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಡಿಯಾನಿನ್ 1891ರಲ್ಲಿ ಮೊದಲು ತಯಾರಿಸಿದ. ಅದು ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್‌ನಂತೆ ದುರ್ಬಲವಾಗಿ ವರ್ತಿಸುತ್ತದೆಂದು ಬ್ರಿಟನ್ನಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ 1930ರ ದಶಕದಲ್ಲಿಯೇ ಕಂಡುಕೊಂಡಿದ್ದ. ಹೀಗೆ ಗೊತ್ತಿದ್ದೂ 1950ರ ದಶಕದಿಂದಾಚೆಗೆ ಅದು ಪಾಲಿಕಾರ್ಬೊನೇಟ್ ಎಂಬ ಗಟ್ಟಿಯಾದ, ಪಾರದರ್ಶಕ ಪ್ಲಾಸ್ಟಿಕ್‌ಗೂ ತಗಡಿನ ಡಬ್ಬಿಗಳ ಒಳಗೆ ಬಳಿಯುವ ಎಪಾಕ್ಸಿ ಲೇಪಕ್ಕೂ ಮೂಲವಸ್ತುವಾಗಿ ಬೆಳೆಯಿತು. ಈ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಇದೇ: ಮಾಹಿತಿ ಮೊದಲೇ ಇತ್ತು, ಆದರೆ ಅದು ಔಷಧಶಾಸ್ತ್ರದ ಕಪಾಟಿನಲ್ಲಿತ್ತು, ಪ್ಲಾಸ್ಟಿಕ್ ತಯಾರಿಸುವವರ ಮೇಜಿನ ಮೇಲಿರಲಿಲ್ಲ.

ಪಾಲಿಕಾರ್ಬೊನೇಟ್‌ನಿಂದ ಬಿಪಿಎ ಹೊರಬರುವ ಬಗೆಯೂ ಸ್ವಲ್ಪ ಭಿನ್ನ. ಉಳಿದುಹೋದ ಅಣುಗಳು ಹೊರಬಂದು ಮುಗಿಯುವುದಷ್ಟೇ ಅಲ್ಲ, ಬಿಸಿನೀರು ಮತ್ತು ಕ್ಷಾರೀಯ ಮಾರ್ಜಕಗಳು ಪಾಲಿಮರ್ ಸರಪಳಿಯನ್ನೇ ಮೇಲ್ಮೈಯಲ್ಲಿ ಸೀಳಿ ಹೊಸದಾಗಿ ಬಿಪಿಎ ಬಿಡುಗಡೆ ಮಾಡುತ್ತವೆ. ಆದ್ದರಿಂದ "ನಾಲ್ಕು ಸಲ ತೊಳೆದರೆ ಹೋಗುತ್ತದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. 2008ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಪಾಲಿಕಾರ್ಬೊನೇಟ್ ಬಾಟಲಿಗಳಿಗೆ ಕುದಿಯುವ ನೀರು ಹಾಕಿದಾಗ ಬಿಪಿಎ ಬಿಡುಗಡೆಯ ವೇಗ 15ರಿಂದ 55 ಪಟ್ಟು ಹೆಚ್ಚಾಯಿತು. ಬಾಟಲಿ ಹೊಸದೋ ಹಳೆಯದೋ ಎಂಬುದು ಅಷ್ಟು ಮುಖ್ಯವಾಗಲಿಲ್ಲ.

ಕಾನೂನಿನ ಚಲನೆ ಹಂತ ಹಂತವಾಗಿ ನಡೆಯಿತು. ಹಾಲೂಡಿಸುವ ಬಾಟಲಿಗಳಲ್ಲಿ ಬಿಪಿಎ ಬಳಕೆಯನ್ನು ಯುರೋಪ್ 2011ರಲ್ಲಿ ನಿಷೇಧಿಸಿತು. ಅಮೆರಿಕ 2012ರಲ್ಲಿ ಅದಕ್ಕಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ದೊಡ್ಡ ತಿರುವು ಬಂದದ್ದು 2023ರ ಏಪ್ರಿಲ್‌ನಲ್ಲಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು, ಜೀವಮಾನವಿಡೀ ದಿನವೂ ಸೇವಿಸಿದರೂ ತೊಂದರೆಯಾಗದೆಂದು ತಾನು 2015ರಲ್ಲಿ ಹೇಳಿದ್ದ ಪ್ರಮಾಣವನ್ನು, ದೇಹತೂಕದ ಕಿಲೋಗ್ರಾಮಿಗೆ 4 ಮೈಕ್ರೋಗ್ರಾಂನಿಂದ 0.2 ನ್ಯಾನೋಗ್ರಾಂಗೆ, ಅಂದರೆ 20,000 ಪಟ್ಟು ಕೆಳಕ್ಕೆ ಇಳಿಸಿತು. ರೋಗನಿರೋಧಕ ವ್ಯವಸ್ಥೆಯ ಮೇಲಾಗುವ ಪರಿಣಾಮವೇ ಇದಕ್ಕೆ ಮುಖ್ಯ ಆಧಾರ. ಜರ್ಮನಿಯ ಅಪಾಯ ಅಂದಾಜು ಸಂಸ್ಥೆ ಈ ಲೆಕ್ಕವನ್ನು ಒಪ್ಪದೆ 200 ನ್ಯಾನೋಗ್ರಾಂ ಸಾಕೆಂದು ಹೇಳಿತು. ಒಂದೇ ರೀತಿಯ ಪ್ರಯೋಗಗಳನ್ನು ಓದಿದ ಇಬ್ಬರು ಪರಿಣತರ ನಡುವೆ ಸಾವಿರ ಪಟ್ಟು ಅಂತರವಿದೆಯೆಂದರೆ, ‘ಸುರಕ್ಷಿತ ಮಿತಿ’ ಎಂಬುದು ಅಳತೆಯಷ್ಟೇ ತೀರ್ಮಾನವೂ ಹೌದೆಂದು ಅರ್ಥ. ಕೊನೆಗೆ ಯುರೋಪ್ 2024ರ ಡಿಸೆಂಬರ್‌ನಲ್ಲಿ ಆಹಾರ ಸಂಪರ್ಕದ ವಸ್ತುಗಳಲ್ಲಿ ಬಿಪಿಎ ಬಳಕೆಯನ್ನು ನಿಷೇಧಿಸಿ, ಬಹುಪಾಲು ಉತ್ಪನ್ನಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿತು.

ಹಾಗಾದರೆ ‘ಬಿಪಿಎ ರಹಿತ’ ಎಂದು ಬರೆದಿರುವುದನ್ನು ಕೊಂಡರೆ ಸಾಕೇ?

ಅದು ಇಲ್ಲದಿರುವ ವಸ್ತುವಿನ ಹೆಸರನ್ನು ಹೇಳುತ್ತದೆ, ಅದರ ಜಾಗಕ್ಕೆ ಬಂದಿರುವುದು ಏನೆಂದು ಹೇಳುವುದಿಲ್ಲ. ಕೆಲವು ಕಡೆ ಆ ಜಾಗಕ್ಕೆ ಬಂದದ್ದು ಬಿಸ್ಫಿನಾಲ್-ಎಸ್ ಮತ್ತು ಬಿಸ್ಫಿನಾಲ್-ಎಫ್. ರಚನೆಯಲ್ಲಿ ಇವು ಬಿಪಿಎಯ ದಾಯಾದಿಗಳು, ಪ್ರಯೋಗಾಲಯದಲ್ಲಿ ಹಾರ್ಮೋನುಗಳಂತೆ ವರ್ತಿಸುವುದರಲ್ಲೂ ಅದನ್ನೇ ಹೋಲುತ್ತವೆ. ಇನ್ನು ಪಾಲಿಪ್ರೊಪಿಲೀನ್ ಡಬ್ಬಿಯ ಮೇಲೆ ಈ ಬರಹವಿದ್ದರೆ ಅದಕ್ಕೆ ಹೆಚ್ಚಿನ ಅರ್ಥವಿಲ್ಲ; ಆ ಪ್ಲಾಸ್ಟಿಕ್ ತಯಾರಿಸಲು ಬಿಪಿಎ ಮೊದಲೇ ಬೇಕಿರಲಿಲ್ಲ.

ಥ್ಯಾಲೇಟ್‌ಗಳು ಎಲ್ಲಿಂದ ಬರುತ್ತವೆ?

ಮುಖ್ಯವಾಗಿ ಮೆತ್ತನೆಯ ಪಿವಿಸಿಯಿಂದ. ಥ್ಯಾಲೇಟ್‌ಗಳು ಮೃದುಕಾರಕಗಳು, ಸರಪಳಿಗಳಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳದೆ ಅವುಗಳ ನಡುವೆ ಸುಮ್ಮನೆ ಸೇರಿಕೊಂಡು ಜಾರುಗುಣ ಕೊಡುತ್ತವೆ. ಬೆಸುಗೆ ಇಲ್ಲದ್ದರಿಂದ ಹೊರಬರುವುದೂ ಸುಲಭ, ಅದರಲ್ಲೂ ಜಿಡ್ಡು ಸಿಕ್ಕಾಗ. ಡಿಇಎಚ್‌ಪಿ, ಡಿಬಿಪಿ, ಬಿಬಿಪಿ ಎಂಬ ಮೂರು ಥ್ಯಾಲೇಟ್‌ಗಳು ಗಂಡು ಸಂತಾನದ ಜನನಾಂಗಗಳ ಬೆಳವಣಿಗೆಗೆ ಅಡ್ಡಿಯಾಗುವುದು ಪ್ರಾಣಿಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡುಬಂದಿರುವುದರಿಂದ ಯುರೋಪಿನಲ್ಲಿ ಇವುಗಳ ಮೇಲೆ ಕಟ್ಟುನಿಟ್ಟಾದ ನಿರ್ಬಂಧಗಳಿವೆ.

ಥ್ಯಾಲೇಟ್ ಸೇರುವುದು ಪೊಟ್ಟಣದಿಂದಲೇ ಆಗಬೇಕೆಂದಿಲ್ಲ ಎಂಬುದನ್ನು ಜನ ಗಮನಿಸುವುದಿಲ್ಲ. ಹಾಲು ಹರಿಯುವ ಕೊಳವೆ, ಕಾರ್ಖಾನೆಯ ಸಾಗಣೆಪಟ್ಟಿ, ಆಹಾರ ಮುಟ್ಟುವವರ ಪಿವಿಸಿ ಕೈಗವಸು, ಇವೆಲ್ಲವೂ ದಾರಿಗಳೇ. ಗಾಜಿನ ಭರಣಿಯ ಲೋಹದ ಮುಚ್ಚಳದ ಒಳಗೆ ಉಂಗುರದಂತೆ ಕೂತಿರುವ ಮೆತ್ತನೆಯ ಪಟ್ಟಿಯೂ ಹೆಚ್ಚಾಗಿ ಪಿವಿಸಿಯದೇ. ಎಣ್ಣೆಯಲ್ಲಿ ಅದ್ದಿಟ್ಟ ಪದಾರ್ಥ ಆ ಮುಚ್ಚಳವನ್ನು ತಾಗುತ್ತಿದ್ದರೆ ಗಾಜಿನ ಭರಣಿಯೂ ಪೂರ್ತಿ ಗಾಜಿನದಲ್ಲ.

ಮೈಕ್ರೋವೇವ್‌ಗೆ ಯೋಗ್ಯವೆಂದು ಬರೆದಿರುವ ಡಬ್ಬಿಯಲ್ಲಿ ಬಿಸಿ ಮಾಡಬಹುದೇ?

ಆ ಬರಹ ಮುಖ್ಯವಾಗಿ ಡಬ್ಬಿ ಸೊಟ್ಟಗಾಗದೆ, ಕರಗದೆ, ಬಿರುಕು ಬಿಡದೆ ತಡೆದುಕೊಳ್ಳುತ್ತದೆಂದು ಹೇಳುತ್ತದೆ. ಕಾನೂನಿನ ಮಿತಿಯೊಳಗಿನ ವಲಸೆ ಆಗುವುದೇ ಇಲ್ಲವೆಂದು ಅದರ ಅರ್ಥವಲ್ಲ. ಮೈಕ್ರೋವೇವ್ ಅಲೆಗಳಿಗೆ ಪ್ಲಾಸ್ಟಿಕ್‌ನ ಮೇಲೆ ಯಾವ ವಿಶೇಷ ಮಂತ್ರಶಕ್ತಿಯೂ ಇಲ್ಲ. ಇಲ್ಲಿಯೂ ಕೆಲಸ ಮಾಡುವುದು ಬಿಸಿಯೇ. ಆದರೆ ಜಿಡ್ಡು ಮತ್ತು ಸಕ್ಕರೆ ಇರುವ ಪದಾರ್ಥ ಅಲ್ಲಲ್ಲಿ ನೂರು ಡಿಗ್ರಿಯನ್ನೂ ಮೀರಿ ಕಾಯಬಲ್ಲದು, ಅಂಥ ಕಡೆ ಡಬ್ಬಿಯ ಗೋಡೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಬಿಸಿ, ಜಿಡ್ಡು, ನೇರ ಸಂಪರ್ಕ ಮೂರೂ ಒಂದೇ ಕಡೆ ಸೇರುವ ಸಂದರ್ಭ ಇದು. ಗಾಜಿನ ಅಥವಾ ಪಿಂಗಾಣಿಯ ಪಾತ್ರೆಗೆ ಸುರಿದುಕೊಳ್ಳಲು ಹಿಡಿಯುವ ಅರ್ಧ ನಿಮಿಷದ ಶ್ರಮ ಇಲ್ಲಿ ಸಾರ್ಥಕವೆಂಬುದು ನನ್ನ ಅಭಿಪ್ರಾಯ.

ಮೆಲಮೈನ್ ತಟ್ಟೆ ಬಟ್ಟಲುಗಳನ್ನಂತೂ ಮೈಕ್ರೋವೇವ್‌ನಲ್ಲಿ ಇಡಲೇಬಾರದು. 70 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಅವುಗಳಿಂದ ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಹೊರಬರುವ ಪ್ರಮಾಣ ಏರುತ್ತದೆಂದು ಜರ್ಮನಿಯ ಅದೇ ಅಪಾಯ ಅಂದಾಜು ಸಂಸ್ಥೆ ಎಚ್ಚರಿಸಿದೆ.

ಪ್ಲಾಸ್ಟಿಕ್ ಡಬ್ಬಿಯನ್ನು ಫ್ರೀಜರಿನಲ್ಲಿಟ್ಟರೆ ಡಯಾಕ್ಸಿನ್ ಎಂಬ ವಿಷ ಬಿಡುಗಡೆಯಾಗುತ್ತದೆಯೇ?

ಇಲ್ಲ. ಇದು ಇಮೇಲ್‌ಗಳ ಕಾಲದಿಂದ ಸುತ್ತುತ್ತಿರುವ ವದಂತಿ. ಚಳಿಯಲ್ಲಿ ಅಣುಗಳ ಚಲನೆ ಕುಗ್ಗುತ್ತದೆ. ಡಯಾಕ್ಸಿನ್ ಹುಟ್ಟುವುದು ಕ್ಲೋರಿನ್ ಇರುವ ವಸ್ತುಗಳು ಉರಿಯುವಷ್ಟು ಬಿಸಿಯಲ್ಲಿ.

ಹೊರಗಿನ ಮುದ್ರಣ ಮತ್ತು ರಟ್ಟಿನ ಪೆಟ್ಟಿಗೆಯಿಂದಲೂ ರಾಸಾಯನಿಕಗಳು ಸೇರುತ್ತವೆಯೇ?

ಸೇರುತ್ತವೆ, ಹಾಗೆ ಸೇರುವ ದಾರಿಗಳು ಕುತೂಹಲಕರವಾಗಿವೆ. 2005ರಲ್ಲಿ ಇಟಲಿಯಲ್ಲಿ ಮಕ್ಕಳ ಹಾಲಿನಲ್ಲಿ ಐಟಿಎಕ್ಸ್ ಎಂಬ ವಸ್ತು ಸಿಕ್ಕಿ ದೊಡ್ಡ ಪ್ರಮಾಣದ ದಾಸ್ತಾನನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಅದು ಅತಿನೇರಳೆ ಬೆಳಕಿನಲ್ಲಿ ಒಣಗುವ ಮುದ್ರಣಶಾಯಿಯ ಒಂದು ಅಂಶ. ಇದ್ದದ್ದು ಪೆಟ್ಟಿಗೆಯ ಹೊರಮೈ ಮೇಲೆ. ಪೊಟ್ಟಣದ ಹಾಳೆಯನ್ನು ಮುದ್ರಿಸಿ ಸುರುಳಿ ಸುತ್ತಿದಾಗ ಒಂದು ಸುತ್ತಿನ ಮುದ್ರಿತ ಹೊರಮೈ ಮುಂದಿನ ಸುತ್ತಿನ ಒಳಮೈಗೆ ಒತ್ತಿಕೊಂಡು, ಶಾಯಿಯ ಅಂಶ ಕಣ್ಣಿಗೆ ಕಾಣದಂತೆ ಒಳಮೈಗೆ ದಾಟಿತ್ತು. ತಡೆಗೋಡೆಯನ್ನು ಭೇದಿಸುವ ಅಗತ್ಯವೇ ಅದಕ್ಕೆ ಬೀಳಲಿಲ್ಲ.

ರಟ್ಟಿನ ವಿಷಯದಲ್ಲಿ ತೊಂದರೆ ಆವಿಯ ರೂಪದಲ್ಲಿ ಬರುತ್ತದೆ. ಹಳೆಯ ವೃತ್ತಪತ್ರಿಕೆಗಳನ್ನು ಬೆರೆಸಿ ಮಾಡಿದ ರಟ್ಟಿನಲ್ಲಿ ಮುದ್ರಣಶಾಯಿಯ ಖನಿಜತೈಲ ಉಳಿದಿರುತ್ತದೆ. ಅದು ನಿಧಾನವಾಗಿ ಆವಿಯಾಗಿ, ಒಳಗಿನ ತೆಳ್ಳನೆಯ ಪಾಲಿಥೀನ್ ಚೀಲವನ್ನು ಹಾದು, ಅಕ್ಕಿ ಹಿಟ್ಟುಗಳಂಥ ಒಣ ಪದಾರ್ಥಗಳಲ್ಲೂ ನೆಲೆಸುತ್ತದೆ. ಪಾಲಿಥೀನ್ ಚೀಲ ತೇವವನ್ನು ಚೆನ್ನಾಗಿ ತಡೆಯುತ್ತದೆ, ತೈಲದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಪಿಇಟಿ ಅಥವಾ ಅಲ್ಯೂಮಿನಿಯಂ ಪದರ ಬೇಕು.

ವಲಸೆಯನ್ನು ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆ?

ನಿಜವಾದ ಆಹಾರದಲ್ಲಿ ಸಾವಿರಾರು ವಸ್ತುಗಳಿರುವುದರಿಂದ ಅದರೊಳಗೆ ಪೊಟ್ಟಣದಿಂದ ಬಂದ ಮೈಕ್ರೋಗ್ರಾಂಗಳನ್ನು ಹುಡುಕುವುದು ಬಹಳ ಕಷ್ಟ. ಅದಕ್ಕಾಗಿ ಆಹಾರದ ಬದಲಿಗೆ ಅದರ ಗುಣವನ್ನು ಅನುಕರಿಸುವ ಸರಳ ದ್ರವಗಳನ್ನು ಬಳಸುತ್ತಾರೆ. ಯುರೋಪಿನ 2011ರ ನಿಯಮದ ಪ್ರಕಾರ ನೀರಿನಂಶದ ಆಹಾರಕ್ಕೆ ಶೇ. 10ರ ಎಥೆನಾಲ್, ಹುಳಿಯ ಆಹಾರಕ್ಕೆ ಶೇ. 3ರ ಅಸಿಟಿಕ್ ಆಮ್ಲ, ಮದ್ಯಸಾರದ ಪಾನೀಯಕ್ಕೆ ಶೇ. 20ರ ಎಥೆನಾಲ್, ಜಿಡ್ಡಿಗೆ ಸಸ್ಯಜನ್ಯ ಎಣ್ಣೆ, ಒಣ ಪದಾರ್ಥಕ್ಕೆ ಆವಿಯನ್ನು ಹೀರುವ ಒಂದು ಪುಡಿ. ಪ್ಲಾಸ್ಟಿಕ್ ತುಂಡನ್ನು ಇವುಗಳಲ್ಲಿ ಒಂದರಲ್ಲಿ ಮುಳುಗಿಸಿ 40 ಡಿಗ್ರಿಯಲ್ಲಿ 10 ದಿನ ಇಟ್ಟರೆ, ಸಾಮಾನ್ಯ ಉಷ್ಣತೆಯಲ್ಲಿ ದೀರ್ಘಕಾಲ ಇಟ್ಟುದಕ್ಕೆ ಅದು ಸಮವೆಂದು ಗಣನೆ. ಕಾಯಿಸಿ ತುಂಬುವ ಆಹಾರಗಳಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಗಳಿವೆ.

ಅಳತೆ ಎರಡು ಬಗೆಯದು. ಹೊರಬಂದದ್ದನ್ನೆಲ್ಲ ಒಟ್ಟಾಗಿ ತೂಗುವುದು ಒಂದು. ಅದರ ಮಿತಿ ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ, ಅಥವಾ ಮೇಲೆ ಹೇಳಿದ 6 ಚದರ ಡೆಸಿಮೀಟರಿನ ಲೆಕ್ಕದಲ್ಲಿ ಕಿಲೋಗ್ರಾಂ ಆಹಾರಕ್ಕೆ 60 ಮಿಲಿಗ್ರಾಂ. ಭಾರತದ 2018ರ ಪ್ಯಾಕೇಜಿಂಗ್ ನಿಯಮಾವಳಿಯ ಮಿತಿಯೂ ಇದೇ. ಇನ್ನೊಂದು, ನಿರ್ದಿಷ್ಟ ವಸ್ತುಗಳನ್ನು ಒಂದೊಂದಾಗಿ ಕ್ರೊಮೆಟೋಗ್ರಫಿಯಿಂದ ಬೇರ್ಪಡಿಸಿ ಅಳೆಯುವುದು. ಇಲ್ಲಿ ಪ್ರತಿಯೊಂದಕ್ಕೂ ಬೇರೆ ಮಿತಿ. ಆಂಟಿಮನಿಗೆ ಅದು ಕಿಲೋಗ್ರಾಂ ಆಹಾರಕ್ಕೆ 0.04 ಮಿಲಿಗ್ರಾಂ. ಈ ಲೆಕ್ಕದ ಹಿಂದೆ ಒಬ್ಬ ಕಲ್ಪಿತ ವ್ಯಕ್ತಿ ಇದ್ದಾನೆ: 60 ಕಿಲೋ ತೂಗುವ, ದಿನಕ್ಕೆ ಒಂದು ಕಿಲೋ ಪೊಟ್ಟಣದ ಆಹಾರ ತಿನ್ನುವ ವಯಸ್ಕ. ತನ್ನ ತೂಕಕ್ಕೆ ಹೋಲಿಸಿದರೆ ಎಷ್ಟೋ ಹೆಚ್ಚು ಉಣ್ಣುವ ಮಗು ಈ ಅಳತೆಗೆ ಸರಿಯಾಗಿ ಒಗ್ಗುವುದಿಲ್ಲ.

ಮಿತಿಯೊಳಗಿದ್ದರೆ ಸುರಕ್ಷಿತವೆಂದು ತಿಳಿಯಬಹುದೇ?

ಮಿತಿಯೊಳಗಿರುವುದು ಮೀರಿರುವುದಕ್ಕಿಂತ ಖಂಡಿತ ಮೇಲು, ಮಿತಿಗಳನ್ನು ಇಡುವಾಗ ಸಾಕಷ್ಟು ಅಂತರವನ್ನೂ ಬಿಟ್ಟಿರುತ್ತಾರೆ. ಆದರೆ ಮೂರು ಮಾತುಗಳನ್ನು ನೆನಪಿಡಬೇಕು. ಮಿತಿಗಳು ಒಂದೊಂದು ವಸ್ತುವಿಗೆ ಪ್ರತ್ಯೇಕವಾಗಿವೆ, ದೇಹಕ್ಕೆ ಹೋಗುವುದು ಅವುಗಳ ಬೆರಕೆ. ಪಟ್ಟಿಯಲ್ಲಿ ಹೆಸರಿಲ್ಲದ ಉಪೋತ್ಪನ್ನಗಳಲ್ಲಿ ಹೆಚ್ಚಿನವಕ್ಕೆ ಪ್ರತ್ಯೇಕ ಮಿತಿಯೇ ಇಲ್ಲ. ಹಾರ್ಮೋನುಗಳನ್ನು ಅನುಕರಿಸುವ ವಸ್ತುಗಳಲ್ಲಿ ಪ್ರಮಾಣದಷ್ಟೇ ದೇಹಕ್ಕೆ ತಾಗಿದ ಕಾಲವೂ ಮುಖ್ಯ; ಗರ್ಭದಲ್ಲಿರುವ ಶಿಶುವಿಗೆ ಅಂಗಗಳು ರೂಪುಗೊಳ್ಳುವ ವಾರಗಳಲ್ಲಿ ತಾಗುವುದೂ ವಯಸ್ಕರಿಗೆ ತಾಗುವುದೂ ಒಂದೇ ಅಲ್ಲ.

ದೇಹ ಸೇರಿದ್ದು ಅಲ್ಲೇ ಉಳಿಯುತ್ತದೆಯೇ?

ಬಿಪಿಎ ಮತ್ತು ಥ್ಯಾಲೇಟ್‌ಗಳ ಮಟ್ಟಿಗೆ ಉತ್ತರ ಸಮಾಧಾನಕರವಾಗಿದೆ: ಬಹುಪಾಲು ಒಂದೆರಡು ದಿನಗಳೊಳಗೆ ಮೂತ್ರದ ಮೂಲಕ ಹೊರಹೋಗುತ್ತದೆ. ಆದರೂ ಯಾರ ಮೂತ್ರವನ್ನು ಪರೀಕ್ಷಿಸಿದರೂ ಇವು ಸಿಗುವುದು, ಹೋದಷ್ಟೂ ಮತ್ತೆ ಬರುತ್ತಿರುವುದರಿಂದ.

ಇದನ್ನು ತೋರಿಸಿಕೊಟ್ಟ ಪ್ರಯೋಗಗಳಿವೆ. 2009ರಲ್ಲಿ ಹಾರ್ವರ್ಡ್‌ನ 77 ವಿದ್ಯಾರ್ಥಿಗಳು ಒಂದು ವಾರ ಪಾಲಿಕಾರ್ಬೊನೇಟ್ ಬಾಟಲಿಗಳಿಂದ ತಣ್ಣನೆಯ ಪಾನೀಯ ಕುಡಿದಾಗ ಅವರ ಮೂತ್ರದಲ್ಲಿ ಬಿಪಿಎ ಮಟ್ಟ ಶೇ. 69ರಷ್ಟು ಏರಿತು. 2011ರಲ್ಲಿ ಐದು ದಿನ ದಿನಕ್ಕೊಮ್ಮೆ ತಗಡಿನ ಡಬ್ಬಿಯ ಸೂಪ್ ಸೇವಿಸಿದವರಲ್ಲಿ ಅದು, ಆಗತಾನೇ ತಯಾರಿಸಿದ ಸೂಪ್ ಕುಡಿದ ವಾರಕ್ಕೆ ಹೋಲಿಸಿದರೆ, ಶೇ. 1000ಕ್ಕೂ ಹೆಚ್ಚು ಏರಿತು. ಪ್ಲಾಸ್ಟಿಕ್ ಬಾಟಲಿಗಿಂತ ಲೋಹದ ಡಬ್ಬಿಯೊಳಗಿನ ಕಾಣದ ಲೇಪವೇ ಹೆಚ್ಚು ಕೊಟ್ಟಿತೆಂಬುದು ಹಲವರಿಗೆ ಅಚ್ಚರಿ ತಂದಿತ್ತು. ಡಬ್ಬಿ ಮುಚ್ಚಿದ ಮೇಲೆ ಅದನ್ನು ಹೆಚ್ಚಿನ ಬಿಸಿಯಲ್ಲಿ ಕ್ರಿಮಿಶುದ್ಧಿ ಮಾಡುತ್ತಾರೆಂಬುದನ್ನು ನೆನೆದರೆ ಅಷ್ಟು ಅಚ್ಚರಿ ಪಡಬೇಕಾಗಿಲ್ಲ. ಅದೇ ವರ್ಷ ಐದು ಕುಟುಂಬಗಳ ಇಪ್ಪತ್ತು ಜನ ಮೂರು ದಿನ ಪೊಟ್ಟಣವಿಲ್ಲದ ತಾಜಾ ಆಹಾರವನ್ನಷ್ಟೇ ಉಂಡಾಗ ಬಿಪಿಎ ಸರಾಸರಿ ಶೇ. 66ರಷ್ಟು ಇಳಿಯಿತು, ಡಿಇಎಚ್‌ಪಿಯ ಅಂಶಗಳು ಅರ್ಧಕ್ಕೂ ಹೆಚ್ಚು ಇಳಿದವು.

ಮೈಕ್ರೋಪ್ಲಾಸ್ಟಿಕ್ ಎಂದರೆ ಇದೇನೇ?

ಎರಡೂ ಬೇರೆ. ವಲಸೆಯಲ್ಲಿ ಬರುವುದು ಅಣು. ಮೈಕ್ರೋಪ್ಲಾಸ್ಟಿಕ್ ಎಂಬುದು ಸವೆದು ಉದುರಿದ ಪ್ಲಾಸ್ಟಿಕ್‌ನದೇ ಕಣ. ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2,40,000 ಕಣಗಳನ್ನು ಎಣಿಸಿತು. ಅವುಗಳಲ್ಲಿ ಸುಮಾರು ಶೇ. 90 ನ್ಯಾನೋ ಗಾತ್ರದವು. ಮುಚ್ಚಳವನ್ನು ತಿರುಗಿಸುವುದು, ಬಾಟಲಿಯನ್ನು ಹಿಂಡುವುದು ಕಣಗಳನ್ನು ಹೆಚ್ಚಿಸುತ್ತದೆ, ಅಣುಗಳ ವಲಸೆಯ ಮೇಲೆ ಅದರ ಪರಿಣಾಮ ಅಷ್ಟಾಗಿ ಇಲ್ಲ. ಎರಡನ್ನೂ ಸಮಾನವಾಗಿ ಹೆಚ್ಚಿಸುವುದು ಬಿಸಿಯೊಂದೇ.

ಗಾಜು ಮತ್ತು ಉಕ್ಕು ಸಂಪೂರ್ಣ ನಿರಪಾಯವೇ?

ವಲಸೆಯ ಮಟ್ಟಿಗೆ ಗಾಜಿಗೆ ಸಾಟಿ ಇಲ್ಲ, ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಹೆಚ್ಚು ಹಿಂದೆ ಬೀಳುವುದಿಲ್ಲ. ಆದರೆ ಮುಚ್ಚಳವನ್ನು ಮರೆಯಬಾರದು. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಾಜಿನ ಬಾಟಲಿಯ ತಂಪು ಪಾನೀಯಗಳಲ್ಲಿಯೇ ಪ್ಲಾಸ್ಟಿಕ್ ಬಾಟಲಿಗಳಿಗಿಂತ ಹೆಚ್ಚು ಮೈಕ್ರೋಪ್ಲಾಸ್ಟಿಕ್ ಸಿಕ್ಕಿತು. ಮುಚ್ಚಳದ ಹೊರಗಿನ ಬಣ್ಣ ಉದುರಿ ಒಳಗೆ ಬಿದ್ದಿತ್ತು.

ಖಾಲಿಯಾದ ಬಾಟಲಿ, ಡಬ್ಬಿಗಳನ್ನು ಮತ್ತೆ ಬಳಸಬಹುದೇ?

ತಣ್ಣನೆಯ ಅಥವಾ ಒಣ ಪದಾರ್ಥಗಳಿಗೆ ಬಳಸಿದರೆ ರಾಸಾಯನಿಕ ವಲಸೆಯ ದೃಷ್ಟಿಯಿಂದ ದೊಡ್ಡ ತೊಂದರೆ ಇಲ್ಲ. ಚಿಕ್ಕ ಅಣುಗಳ ದಾಸ್ತಾನು ಬಳಸಿದಂತೆಲ್ಲ ಕರಗುತ್ತಾ ಬರುವುದರಿಂದ ಕೆಲವು ಪ್ಲಾಸ್ಟಿಕ್‌ಗಳಲ್ಲಿ ವಲಸೆ ಕಡಿಮೆಯೂ ಆಗಬಹುದು. ಪಾಲಿಕಾರ್ಬೊನೇಟ್ ಮತ್ತು ಮೆಲಮೈನ್ ಇದಕ್ಕೆ ಹೊರತು, ಅಲ್ಲಿ ಪಾಲಿಮರೇ ಒಡೆಯುತ್ತಾ ಹೋಗುತ್ತದೆ. ಒಮ್ಮೆ ಬಳಸುವ ಬಾಟಲಿಗಳನ್ನು ಮತ್ತೆ ಮತ್ತೆ ಬಳಸುವುದರಲ್ಲಿ ರಾಸಾಯನಿಕಗಳಿಗಿಂತ ಹೆಚ್ಚಿನ ಸಮಸ್ಯೆ ಗೀರುಗಳಲ್ಲೂ ಕಿರಿದಾದ ಕತ್ತಿನಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳದು.

ನಿಜವಾಗಿ ಅಪಾಯ ತರುವುದು ವಲಸೆಯ ಹಿಮ್ಮುಖ ಪ್ರಯಾಣ. ಪ್ಲಾಸ್ಟಿಕ್ ಕೊಡುವಂತೆಯೇ ಹೀರಿಕೊಳ್ಳುತ್ತದೆ ಸಹ. ಕಿತ್ತಳೆ ರಸದ ಕಂಪು ಪಾಲಿಥೀನ್‌ಗೆ ಇಳಿದು ರಸ ಸಪ್ಪೆಯಾಗುವುದನ್ನು ಆಹಾರ ತಂತ್ರಜ್ಞರು ಬಲ್ಲರು. ಅರಿಶಿನದ ಬಣ್ಣ ಡಬ್ಬಿಗೆ ಹಿಡಿದು ಎಷ್ಟು ಉಜ್ಜಿದರೂ ಬಿಡದಿರುವುದನ್ನು ಎಲ್ಲರೂ ಬಲ್ಲರು. ಅದೇ ರೀತಿ ಸೀಮೆಎಣ್ಣೆ, ಕೀಟನಾಶಕ, ಬಣ್ಣ ತೆಳುವಾಗಿಸುವ ದ್ರವ ಮುಂತಾದವನ್ನು ತುಂಬಿದ್ದ ಡಬ್ಬಿಯ ಗೋಡೆಯೊಳಗೆ ಅವು ಇಳಿದುಬಿಟ್ಟಿರುತ್ತವೆ. ಸಾಬೂನು ತೊಳೆಯುವುದು ಮೇಲ್ಮೈಯನ್ನು ಮಾತ್ರ. ತೊಳೆದು ಒಣಗಿಸಿದಾಗ ವಾಸನೆ ಇಲ್ಲದಿದ್ದು, ಮುಚ್ಚಿಟ್ಟು ಎರಡು ದಿನದ ಮೇಲೆ ತೆರೆದಾಗ ಮತ್ತೆ ಮೂಗಿಗೆ ಬಡಿದರೆ, ಗೋಡೆಯೊಳಗಿದ್ದದ್ದು ಹೊರಬರುತ್ತಿದೆಯೆಂದೇ ತಿಳಿಯಬೇಕು. ಆದರೆ ವಾಸನೆ ಬಾರದಿದ್ದರೆ ಏನೂ ಉಳಿದಿಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಎಷ್ಟೋ ಕೀಟನಾಶಕಗಳಿಗೆ ವಾಸನೆಯೇ ಇರುವುದಿಲ್ಲ. ಅಂಥ ಡಬ್ಬಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರಲ್ಲಿ ನೀರನ್ನಾಗಲಿ ಆಹಾರವನ್ನಾಗಲಿ ಇಡಬಾರದು.